ನಲವತ್ತೊಂದು ಗೂಡುಗಳ ಮನೆ

ಖಾಲಿ ಜಾಗ ಅನ್ನುವುದು ಲೋಕದಲ್ಲಿ ಎಲ್ಲೂ ಇಲ್ಲ, ಇರುವುದು ನೋಡಲು ಬಾರದ ಕಣ್ಣು ಅಷ್ಟೇ ಎಂದು ಸಂದಿ ಮೇಸ್ತ್ರಿ ಹೇಳುತ್ತಿದ್ದರು. ಹೇಳಿ ಹೇಳಿಯೇ ಅವರಿಗೆ ಆ ಹೆಸರು ಅಂಟಿಕೊಂಡಿತ್ತು. ಊರಲ್ಲಿ ಮರಗೆಲಸದವರಿಗೇನೂ ಬರವಿರಲಿಲ್ಲ. ಆದರೆ ಹತ್ತಡಿ ಕೋಣೆಯಲ್ಲಿ ಐದು ಜನ ಕಾಲು ಮಡಚಿ ಬದುಕುವ ಮನೆಗೆ ಹೋಗಿ, ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳಿ, "ಇಲ್ಲೊಂದು ಬೀರು ಮಲಗಿದೆ, ಎಬ್ಬಿಸೋಣ" ಅನ್ನುವವರು ಅವರೊಬ್ಬರೇ. ಮೆಟ್ಟಿಲ ಹೊಟ್ಟೆ, ಕಿಟಕಿಯ ಕೆಳಗಿನ ಗೋಡೆ, ಬಾಗಿಲ ನೆತ್ತಿ, ಅಡುಗೆ ಕಟ್ಟೆಯ ಬುಡದಲ್ಲಿ ಕಾಲ ಬೆರಳಿಗೆ ಬಿಟ್ಟ ನಾಲ್ಕಿಂಚು, ಒಂದನ್ನೂ ಬಿಡುತ್ತಿರಲಿಲ್ಲ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಎಲ್ಲರೂ ಹೇಳ್ತಾರೆ. ಹಾಸಿಗೆ ಕೆಳಗೆ ಎಷ್ಟು ಜಾಗ ಇದೆ ಅಂತ ಒಬ್ಬನೂ ಕೇಳಲ್ಲ" ಎಂದು ನಗುತ್ತಿದ್ದರು.

ಅವರ ಕೆಲಸಕ್ಕೆ ಒಂದು ಕಟ್ಟುಪಾಡಿತ್ತು. ಹೊಸ ಮನೆಗೆ ಹೋದ ಮೊದಲ ದಿನ ಟೇಪು ಬಿಚ್ಚುತ್ತಿರಲಿಲ್ಲ. ಆ ಮನೆಯಲ್ಲಿ ಹೆಚ್ಚು ದುಡಿಯುವ ಕೈ ಯಾರದೋ ಅವರನ್ನು ಕರೆದು ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲಿಸುವುದು, ಕೈ ಎತ್ತಿಸುವುದು, ಬೆರಳ ತುದಿ ಮುಟ್ಟಿದಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆಯುವುದು. ಆಮೇಲೆ ಬಗ್ಗಲು ಹೇಳಿ, ಕಷ್ಟವಿಲ್ಲದೆ ಕೈ ಎಲ್ಲಿಯವರೆಗೆ ಇಳಿಯುತ್ತದೋ ಅಲ್ಲಿ ಇನ್ನೊಂದು ಗೆರೆ. ಈ ಎರಡು ಗೆರೆಗಳ ನಡುವೆ ಇರುವುದೇ ಮನೆ, ಮಿಕ್ಕಿದ್ದು ಬರೀ ಕಟ್ಟಡ ಅನ್ನುವುದು ಅವರ ಸಿದ್ಧಾಂತ. ಯಾರಾದರೂ ಆತುರಪಟ್ಟರೆ ಸಿಡುಕುತ್ತಿದ್ದರು. "ಗೋಡೆ ಎಲ್ಲೂ ಓಡಿಹೋಗಲ್ಲ, ಅದನ್ನ ನಾಳೆ ಅಳೀಬಹುದು. ಮೊದಲು ಮನುಷ್ಯರನ್ನ ಅಳೀಬೇಕು."

ಇಷ್ಟೆಲ್ಲ ಬಲ್ಲವರ ಸ್ವಂತ ಮನೆ ಹೇಗಿರಬೇಡ! ಎರಡು ದೊಡ್ಡ ಕಟ್ಟಡಗಳ ನಡುವೆ ಪುಸ್ತಕದಂತೆ ಸಿಕ್ಕಿಕೊಂಡ ಸಪೂರ ಮನೆ ಅದು. ಕೆಳಗೆ ಅಡುಗೆಮನೆ ಮತ್ತು ಒಂದು ಕೋಣೆ, ಮೇಲೆ ಮಲಗುವ ಕೋಣೆ, ನಡುವೆ ಹದಿಮೂರು ಮೆಟ್ಟಿಲಿನ ಮರದ ಏಣಿ. ಒಳಗೆ ಬಂದವರಿಗೆ ನಾಲ್ಕು ಗೋಡೆ, ಒಂದು ಮೇಜು, ಎರಡು ಕುರ್ಚಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಆದರೆ ಆ ಗೋಡೆಗಳಲ್ಲಿ ನಲವತ್ತೊಂದು ಗೂಡುಗಳಿದ್ದವು. ಒಂದಕ್ಕೂ ಹಿಡಿ ಇರಲಿಲ್ಲ. ಹಿಡಿ ಇಟ್ಟರೆ ಇಲ್ಲಿ ಗೂಡಿದೆ ಎಂದು ಡಂಗುರ ಸಾರಿದ ಹಾಗೆ ಎಂದು ಮೇಸ್ತ್ರಿಗೆ ಅಸಹ್ಯ. ಸರಿಯಾದ ಜಾಗದಲ್ಲಿ ಅಂಗೈಯಿಂದ ಒತ್ತಿದರೆ ಟಕ್ಕೆಂದು ಹಲಗೆ ಹೊರಗೆ ಬರುತ್ತಿತ್ತು. ಪ್ರತಿ ಮೆಟ್ಟಿಲ ಕೆಳಗೂ ಪಕ್ಕಕ್ಕೆ ಎಳೆದುಕೊಳ್ಳುವ ಒಂದೊಂದು ಡ್ರಾಯರು, ಹಾಗೆ ಹದಿಮೂರು. ಉಳಿದವು ಬಾಗಿಲ ನೆತ್ತಿಯಲ್ಲಿ, ಕನ್ನಡಿಯ ಹಿಂದೆ, ಮಂಚದ ತಲೆಯ ಮೇಲೆ, ಕಟ್ಟೆಯ ಬುಡದಲ್ಲಿ.

ಎಲ್ಲವನ್ನೂ ಕಟ್ಟಿದ್ದು ಹೆಂಡತಿಯ ಕೈ ಅಳತೆಗೆ. ಮೂವತ್ತೈದು ವರ್ಷದ ಹಿಂದೆ ಈ ಮನೆಗೆ ಬಂದ ದಿನ ಅಡುಗೆಮನೆಯ ಚೌಕಟ್ಟಿಗೆ ಅವರನ್ನು ನಿಲ್ಲಿಸಿ ಎಳೆದ ಗೆರೆ ಇನ್ನೂ ಹಾಗೇ ಇತ್ತು, ಚೌಕಟ್ಟಿನ ತಲೆಯಿಂದ ನಾಲ್ಕೇ ಬೆರಳು ಕೆಳಗೆ. ಎತ್ತರದ ಹೆಂಗಸು. ದೊಡ್ಡಾಸ್ಪತ್ರೆಯೊಂದರ ದಾಖಲೆ ಕೋಣೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವರು. ಅಲ್ಲಿ ಎಲ್ಲರೂ ಕಡತದಮ್ಮ ಅನ್ನುತ್ತಿದ್ದರು. ಯಾವ ರೋಗಿಯ ಕಡತ ಯಾವ ಕಪಾಟಿನ ಯಾವ ಸಾಲಿನಲ್ಲಿದೆ ಎಂದು ರಿಜಿಸ್ಟರು ತೆರೆಯದೆ ಹೇಳುವವರು, ಮೇಲಿನ ಸಾಲಿಗೆ ಏಣಿಯಿಲ್ಲದೆ ಕೈ ಹಾಕುವವರು. ಹಾಗಾಗಿ ಮನೆಯ ನಲವತ್ತೊಂದು ಗೂಡುಗಳಲ್ಲಿ ಯಾವುದರಲ್ಲಿ ಏನಿದೆ ಎಂದು ಮೇಸ್ತ್ರಿ ತಲೆ ಕೆಡಿಸಿಕೊಂಡವರೇ ಅಲ್ಲ. ಗೂಡು ಮಾಡುವುದು ತಮ್ಮ ಕೆಲಸ, ನೆನಪಿಡುವುದು ಅವಳ ಕೆಲಸ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವ ಜಾತಿಯ ಗಂಡಸರು ಅವರು. "ಏನೇ, ನನ್ನ ಸಣ್ಣ ಉಳಿ ಎಲ್ಲಿ?" ಅಂದರೆ ಸಾಕು, ಉಳಿ ಕೈಗೆ ಬರುತ್ತಿತ್ತು.

ಈಗ ನಾಲ್ಕು ವರ್ಷದಿಂದ ಬರುತ್ತಿರಲಿಲ್ಲ. "ಅಯ್ಯೋ, ಎಲ್ಲಿಟ್ಟೆನೋ, ಮರೆತೇ ಹೋಯ್ತು ಕಣ್ರೀ" ಅನ್ನುವ ಉತ್ತರ ಬರುತ್ತಿತ್ತು. ಮೊದಮೊದಲು ಮೇಸ್ತ್ರಿ ನಕ್ಕರು. ಆಮೇಲೆ ರೇಗಿದರು. ಆಮೇಲೆ ಹೆದರಿದರು. ಮೇಜಿನ ಮೇಲೆ ಕತ್ತರಿ, ಕಿಟಕಿಯ ಮೇಲೆ ದಾರದುಂಡೆ, ಕುರ್ಚಿಯ ಬೆನ್ನ ಮೇಲೆ ಒಗೆದ ದುಪ್ಪಟಿ. ಮನೆಯಲ್ಲಿ ಎರಡು ಟಾರ್ಚು ಇರುವಾಗ ಮೂರನೆಯದು ಬಂತು. ಬಿಸಿನೀರಿನ ಚೀಲ ಇದ್ದ ಹಾಗೇ ಇನ್ನೊಂದು ಚೀಲ ಬಂತು. ಕಳೆದ ಚಳಿಗಾಲವಿಡೀ ಕಡತದಮ್ಮ ಎರಡು ತೆಳು ದುಪ್ಪಟಿ ಹೊದ್ದು ಮಲಗಿದ್ದರು, ಕಂಬಳಿ ಎಲ್ಲಿ ಅಂದರೆ ನೆನಪಿಲ್ಲ ಅಂದಿದ್ದರು, ಅಷ್ಟೇನೂ ಚಳಿಯಿಲ್ಲ ಬಿಡಿ ಅಂದಿದ್ದರು. ಅವರ ಪಾದ ಕಲ್ಲಿನಷ್ಟು ತಣ್ಣಗಿರುತ್ತಿತ್ತು.

ಮೇಸ್ತ್ರಿಯಾದರೂ ಹತ್ತಿ ಹುಡುಕಬಹುದಿತ್ತಲ್ಲ ಅನ್ನಬಹುದು. ಅವರದೊಂದು ಗುಟ್ಟಿತ್ತು. ನಲವತ್ತೈದು ವರ್ಷ ಮರ ಕೀಸಿದ ಬಲಭುಜ ಎರಡು ವರ್ಷದಿಂದ ಕಿವಿಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಗಿರಾಕಿಗಳಿಗೆ "ಮೇಲೆ ಬೇಡಮ್ಮ, ಧೂಳು ಕೂರತ್ತೆ, ಕೆಳಗೇ ಮಾಡೋಣ" ಎಂದು ಹೇಳಿ ದಾಟಿಸುತ್ತಿದ್ದರು. ಎತ್ತರದ ಕೆಲಸವಿದ್ದರೆ ಸ್ಟೂಲು ಹತ್ತಿ, ಎಡಗೈಯಿಂದ ಗೋಡೆ ಹಿಡಿದು, ಹೇಗೋ ನಿಭಾಯಿಸುತ್ತಿದ್ದರು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಮರಗೆಲಸದವನ ಭುಜ ಹೋಯಿತು ಅಂದರೆ ಮಿಕ್ಕಿದ್ದೇನು?

ಊರಿನ ಇನ್ನೊಂದು ತುದಿಯಲ್ಲಿ ಮಗಳಿದ್ದಳು. ಔಷಧಿ ಅಂಗಡಿಯಲ್ಲಿ ಕೆಲಸ, ಒಂಟಿ ಜೀವ, ಖಡಕ್ ಮಾತು. "ನನ್ನ ಮನೆಗೆ ಬರೋದಾದ್ರೆ ಟೇಪು ಬಿಟ್ಟು ಬಾ ಅಪ್ಪ" ಎಂದು ಮೊದಲೇ ಕರಾರು ಮಾಡಿಕೊಂಡವಳು. ಅವಳ ಮನೆಯಲ್ಲಿ ಎಲ್ಲವೂ ಮೇಜಿನ ಮೇಲೆ, ತೆರೆದ ಹಲಗೆಯ ಮೇಲೆ ಬಿದ್ದಿರುತ್ತಿತ್ತು. ಒಂದು ಭಾನುವಾರ ಬಂದವಳು ಮೂರನೆಯ ಟಾರ್ಚನ್ನು ನೋಡಿದಳು, ಎರಡನೆಯ ಚೀಲವನ್ನು ನೋಡಿದಳು, ಅಮ್ಮನ ಬಾಯಲ್ಲಿ ಒಂದು ಗಂಟೆಯಲ್ಲಿ ಐದು ಸಲ ಮರೆತೆ ಅನ್ನುವ ಮಾತು ಕೇಳಿದಳು. ಹೊರಡುವಾಗ ಅಪ್ಪನನ್ನು ಬಾಗಿಲ ಹೊರಗೆ ಕರೆದಳು.

"ಅಪ್ಪಾ, ಈ ಮರೆವಿನ ಕಾಯಿಲೆಗೆ ಮಾತ್ರೆ ಕೇಳ್ಕೊಂಡು ದಿನಾ ಜನ ಬರ್ತಾರೆ ನನ್ನ ಹತ್ರ. ಎಲ್ಲರ ಮನೇಲೂ ಹೀಗೇ ಶುರುವಾಗಿದ್ದು. ನೀನು ಕೆಲಸಕ್ಕೆ ಹೋದಾಗ ಅಮ್ಮ ಒಬ್ಬಳೇ. ಈ ಮನೆ ನೋಡಿದ್ರೆ, ನೆನಪಿರೋರಿಗೇ ಇಲ್ಲಿ ಬದುಕೋದು ಕಷ್ಟ. ಮುಂದಿನ ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ. ನನ್ನ ಹತ್ರ ಇರಲಿ."

"ಎಷ್ಟು ದಿನ?"

"ಎಷ್ಟು ದಿನ ಅಂತ ಕೇಳಬೇಡಪ್ಪ." ಅವಳು ಚಪ್ಪಲಿ ಮೆಟ್ಟಿಕೊಂಡಳು. "ಅಲ್ಲಿಯವರೆಗೆ ಪ್ರತಿ ಗೂಡಿಗೂ ಒಂದು ಚೀಟಿ ಬರೆದು ಅಂಟಿಸು. ಒಳಗೆ ಏನಿದೆ ಅಂತ. ಈ ವಾರವಾದ್ರೂ ಪರದಾಡದ ಹಾಗಾಗಲಿ."

ಹೆಂಡತಿ ಒಪ್ಪಲಿಕ್ಕಿಲ್ಲ, ಜಗಳವಾಡಿಯಾಳು ಎಂದು ಮೇಸ್ತ್ರಿ ಒಳಗೊಳಗೇ ಆಸೆ ಇಟ್ಟುಕೊಂಡಿದ್ದರು. ಆದರೆ ಕಡತದಮ್ಮ, "ಆಗಲಿ, ಹೋಗ್ತೀನಿ. ಅವಳ ಮನೇಲಿ ಎಲ್ಲ ಕಣ್ಣೆದುರಿಗೇ ಇರತ್ತೆ" ಅಂದುಬಿಟ್ಟರು. ಮದುವೆಯಾಗಿ ನಲವತ್ತೆರಡು ವರ್ಷ. ಅವಳಿಲ್ಲದ ಮನೆಯಲ್ಲಿ ಮೇಸ್ತ್ರಿ ಒಬ್ಬರೇ ಕೂತು ನಲವತ್ತೊಂದು ಗೂಡು ಕಾಯುವುದಾದರೂ ಹೇಗೆ?

ಮಂಗಳವಾರ ಮೇಜಿನ ಮುಂದೆ ಕೂತು ಚೀಟಿ ಬರೆದರು. ಮಾಡಿದವರೇ ತಾವು, ಯಾವುದರಲ್ಲಿ ಏನಿದೆ ಎಂದು ತಿಳಿಯದೇ ಎಂಬ ಧೈರ್ಯದಲ್ಲಿ ಒಂದನ್ನೂ ತೆರೆದು ನೋಡಲಿಲ್ಲ. ಮೂರನೇ ಮೆಟ್ಟಿಲು, ಮೊಳೆ. ಕನ್ನಡಿ ಹಿಂದೆ, ಔಷಧಿ. ಅಡುಗೆಮನೆ ಬಾಗಿಲ ಮೇಲೆ, ಟಾರ್ಚು. ತಮ್ಮ ಕೈಯಾರೆ ಗೆರೆ ಕೂಡ ಕಾಣದಂತೆ ಕೂರಿಸಿದ ಹಲಗೆಗಳಿಗೆ ಇನ್ನು ಬಿಳಿ ಕಾಗದ ಮೆತ್ತಬೇಕು ಎಂದು ನೆನೆದು ಮನಸ್ಸು ಕಹಿಯಾಯಿತು. ನಲವತ್ತೊಂದು ಚೀಟಿಗಳನ್ನೂ ಮೇಜಿನ ಮೇಲೆ ಗುಡ್ಡೆ ಹಾಕಿ, ಅಂಟು ನಾಳೆ ತರುತ್ತೇನೆ ಎಂದುಕೊಂಡರು.

ಮರುದಿನ ಮಧ್ಯಾಹ್ನ ಕೆಲಸದಿಂದ ಬಂದಾಗ ಚೀಟಿಗಳು ಗುಡ್ಡೆಯಾಗಿರಲಿಲ್ಲ. ಬಾಗಿಲಿಂದ ಶುರುವಾಗಿ ಮಹಡಿಯವರೆಗೆ, ಮನೆಯಲ್ಲಿ ಗೂಡುಗಳಿರುವ ಕ್ರಮದಲ್ಲೇ ಜೋಡಿಸಿ, ಮೇಲೊಂದು ಲೋಟ ಇಟ್ಟಿತ್ತು. ಕಡತದಮ್ಮ ಮನೆಯಲ್ಲಿರಲಿಲ್ಲ, ಹಾಲು ತರಲು ಹೋಗಿದ್ದರು. ಮೇಸ್ತ್ರಿ ಚೀಟಿಗಳನ್ನು ಒಂದೊಂದಾಗಿ ನೋಡಿದರು. ಇಪ್ಪತ್ತೊಂಬತ್ತು ಚೀಟಿಗಳ ಮೇಲೆ ತಿದ್ದಿತ್ತು. ಒಂದೇ ಒಂದು ನೇರ ಗೆರೆ ಹೊಡೆದು, ಹಳೆಯ ಅಕ್ಷರ ಓದಲು ಬರುವಂತೆ ಬಿಟ್ಟು, ಅದರ ಕೆಳಗೆ ಬೇರೆ ಬರೆದಿತ್ತು. ದಾಖಲೆ ಕೋಣೆಯ ಅಭ್ಯಾಸ ಅದು. ಅಲ್ಲಿ ಯಾರಾದರೂ ರಬ್ಬರಿನಿಂದ ಉಜ್ಜಿದರೆ ಕಡತದಮ್ಮನಿಗೆ ಕೆಂಡದಂಥ ಕೋಪ ಬರುತ್ತಿತ್ತಂತೆ.

ಅಡುಗೆಮನೆ ಬಾಗಿಲ ಮೇಲೆ, ಟಾರ್ಚು ಎಂದು ಮೇಸ್ತ್ರಿ ಬರೆದದ್ದರ ಮೇಲೆ ಗೆರೆ. ಕೆಳಗೆ, "ಗಡಿಯಾರ ಎರಡು, ಒಂದಕ್ಕೆ ಮುಳ್ಳಿಲ್ಲ."

ಪಾಪ, ತಲೆಗೆ ತೋಚಿದ್ದನ್ನು ಗೀಚಿದ್ದಾಳೆ ಎಂದು ಮೇಸ್ತ್ರಿ ಮರುಗಿದರು. ಮತ್ತೆ ಸರಿಮಾಡಿ ಬರೆಯುವ ಮುಂಚೆ ಒಮ್ಮೆ ನೋಡಿಬಿಡೋಣ ಎಂದು ಸ್ಟೂಲು ಎಳೆದು, ಹತ್ತಿ, ಎಡಗೈಯಿಂದ ಬಾಗಿಲ ನೆತ್ತಿಯನ್ನು ಒತ್ತಿದರು. ಟಕ್ಕೆಂದಿತು. ಒಳಗೆ ಎರಡು ಗಡಿಯಾರ. ಒಂದಕ್ಕೆ ಮುಳ್ಳಿರಲಿಲ್ಲ.

ಅವರು ಗಡಿಯಾರವನ್ನು ಹೆಚ್ಚು ಹೊತ್ತು ನೋಡಲಿಲ್ಲ. ಬಡಗಿಯ ಕಣ್ಣು ಬೇರೆ ಕಡೆ ಹೋಗಿತ್ತು. ಡ್ರಾಯರು ಜಾರುವ ಮರದ ಪಟ್ಟಿಗೆ ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಮುಂಚೆ, ಮೇಣದ ಬತ್ತಿ ಉಜ್ಜುವುದು ಅವರ ಪದ್ಧತಿ. ಆಗೆಲ್ಲ ಅವರ ಕಣ್ಣು ಪಟ್ಟಿಯ ಮೇಲಿರುತ್ತಿತ್ತೇ ಹೊರತು ಒಳಗಿನ ಸಾಮಾನಿನ ಮೇಲಲ್ಲ. ಎಳೆದು ತಳ್ಳಿ ಎಳೆದು ತಳ್ಳಿ ಆರೇ ತಿಂಗಳಲ್ಲಿ ಮೇಣ ಸವೆದು ಪಟ್ಟಿ ಕಪ್ಪಗೆ ಮಿರುಗಬೇಕು. ಇಲ್ಲಿ ಮೇಣ ನಿನ್ನೆ ಉಜ್ಜಿದಷ್ಟು ಬೆಳ್ಳಗಿತ್ತು. ಹೋದ ವರ್ಷವೂ ಹೀಗೇ ಇತ್ತು. ಆಗ ನೋಡಿರಲಿಲ್ಲವೇ ಅಂದರೆ, ನೋಡಿದ್ದರು. ಹಾಳಾದ್ದು ಹೆಮ್ಮೆಪಟ್ಟಿದ್ದರು! ವರ್ಷವಾದರೂ ಮೇಣ ಹೋಗಿಲ್ಲ, ಏನು ನಯವಾದ ಕೆಲಸ ನನ್ನದು ಎಂದು ತಮ್ಮ ಬೆನ್ನು ತಾವೇ ತಟ್ಟಿಕೊಂಡಿದ್ದರು.

ಸ್ಟೂಲಿನಿಂದ ಇಳಿದು ಮೇಸ್ತ್ರಿ ಒಂದು ಸೀಮೆಸುಣ್ಣದ ತುಂಡು ತೆಗೆದುಕೊಂಡರು. ಮನೆಯ ಒಂದೊಂದೇ ಗೂಡನ್ನು ತೆರೆದು ಪಟ್ಟಿಯ ಮೇಲೆ ಬೆರಳಾಡಿಸಿದರು. ಮೇಣ ಸವೆದಿದ್ದರೆ ಹಲಗೆಯ ಮೇಲೆ ಒಂದು ಗುರುತು. ಮೇಣ ಹಾಗೇ ಇದ್ದರೆ ಗುರುತಿಲ್ಲ. ಕನ್ನಡಿಯ ಹಿಂದಿನದು ಸವೆದಿತ್ತು. ಮಂಚದ ತಲೆಯ ಮೇಲಿನದು ಸವೆದಿರಲಿಲ್ಲ, ಒಳಗೆ ಕಂಬಳಿಗಳು ಅಚ್ಚುಕಟ್ಟಾಗಿ ಮಡಚಿಕೊಂಡು ಕೂತಿದ್ದವು. ಕಟ್ಟೆಯ ಬುಡದ ನಾಲ್ಕೂ ಸವೆದಿರಲಿಲ್ಲ. ಹದಿಮೂರು ಮೆಟ್ಟಿಲುಗಳಲ್ಲಿ ಐದು, ಆರು, ಏಳು, ಮೂರೇ ಮೂರು ಸವೆದಿದ್ದವು. ಎಲ್ಲ ಮುಗಿಸಿ ಕೋಣೆಯ ನಡುವೆ ನಿಂತು ತಿರುಗಿ ನೋಡಿದರು. ಹನ್ನೊಂದು ಗುರುತು. ಮನೆಯ ಸುತ್ತ ಒಂದೇ ಮಟ್ಟದಲ್ಲಿ, ಸೊಂಟಕ್ಕಿಂತ ಮೇಲೆ, ಭುಜಕ್ಕಿಂತ ಕೆಳಗೆ, ಪಟ್ಟಿ ಬಿಗಿದ ಹಾಗೆ.

ಎಷ್ಟು ಮನೆಗಳಲ್ಲಿ ಎಷ್ಟು ಹೆಂಗಸರನ್ನು ನಿಲ್ಲಿಸಿ ಗೆರೆ ಎಳೆದಿದ್ದರು ಈ ಮನುಷ್ಯ! ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಅದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಮೂವತ್ತೈದು ವರ್ಷದ ಹಿಂದೆ ಒಮ್ಮೆ ಅಳೆದವರು ಮತ್ತೆ ಹೆಂಡತಿಯ ಕಡೆಗೆ ಪೆನ್ಸಿಲು ಹಿಡಿದಿರಲಿಲ್ಲ. ಮರ ಕೂಡ ಒಣಗಿದರೆ ಕುಗ್ಗುತ್ತದೆ ಎಂದು ಊರಿಗೆಲ್ಲ ಪಾಠ ಹೇಳಿದವರಿಗೆ ಮನುಷ್ಯರೂ ಕುಗ್ಗುತ್ತಾರೆ ಎಂದು ಹೊಳೆದಿರಲಿಲ್ಲ.

ಕಡತದಮ್ಮ ಹಾಲು ಹಿಡಿದು ಒಳಗೆ ಬಂದವರು ಬಾಗಿಲಲ್ಲೇ ನಿಂತರು. ಗೋಡೆಯ ಮೇಲಿನ ಸುಣ್ಣದ ಗುರುತುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಎಣಿಸಬೇಕಾದ ಅಗತ್ಯವೇ ಅವರಿಗಿರಲಿಲ್ಲ.

"ಮಂಚದ ತಲೆ ಮೇಲಿನ ಗೂಡಲ್ಲಿ ಏನಿದೆ?" ಮೇಸ್ತ್ರಿ ಕೇಳಿದರು.

"ಎರಡು ಕಂಬಳಿ."

"ಯಾವ ಬಣ್ಣ?"

"ಒಂದು ನೀಲಿ. ಒಂದು ಕಂದು, ಅದರ ಅಂಚು ಹರಿದಿದೆ. ಕಂಬಳಿ ಕೆಳಗೆ ನಮ್ಮ ಹುಡುಗಿಯ ಶಾಲೆ ಸ್ವೆಟರು."

"ಕಟ್ಟೆ ಬುಡದ ಕೊನೇದು?"

"ಅಗಲದ ತಟ್ಟೆ ಆರು. ಮರ ಕೀಸೋ ನಿಮ್ಮ ಮುರಿದ ರಂದ. ಬಿಸಾಕ್ತೀನಿ ಅಂದ್ರೆ ಬಿಡ್ಲಿಲ್ವಲ್ಲ ನೀವು."

"ಟಾರ್ಚು?"

"ಬೀದಿ ಬಾಗಿಲ ಮೇಲೆ, ಎಡಗಡೆ. ಎರಡೂ ಅಲ್ಲೇ ಇದೆ."

ಮೇಸ್ತ್ರಿ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟರು. "ಮತ್ತೆ ಮರೆತೆ ಅಂತಿದ್ದೆ?"

"ಅಂತಿದ್ದೆ."

ಕಡತದಮ್ಮ ಹಾಲನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತರು. ನಾಲ್ಕು ವರ್ಷದ ಹಿಂದೆ ಒಂದು ದಿನ, ಮೇಸ್ತ್ರಿ ಕೆಲಸಕ್ಕೆ ಹೋಗಿದ್ದಾಗ, ಬಾಗಿಲ ಮೇಲಿನ ಗೂಡಿಗೆ ಕೈ ಎಟುಕದೆ ಸ್ಟೂಲು ಹತ್ತಿದ್ದರಂತೆ. ಹಿಂದಕ್ಕೆ ಬಿದ್ದು ಬಹಳ ಹೊತ್ತು ಏಳಲಾಗದೆ ನೆಲದ ಮೇಲೇ ಇದ್ದರಂತೆ. ತೋಳು ನೀಲಿಗಟ್ಟಿದ್ದು ಮೇಸ್ತ್ರಿಗೂ ನೆನಪಿತ್ತು, ಬಾಗಿಲು ಬಡಿಯಿತು ಅಂದಿದ್ದಳು, ಅವರು ಬಾಗಿಲ ಕೀಲಿಗೆ ಎಣ್ಣೆ ಬಿಟ್ಟಿದ್ದರು. ಅಂದಿನಿಂದ ಅವರು ಸ್ಟೂಲು ಹತ್ತಿಲ್ಲ. ಬೆನ್ನು ಬಾಗಿದೆ, ಮಂಡಿ ಮಡಚಿ ಕೂತರೆ ಏಳಲು ಆಗುವುದಿಲ್ಲ. ಎಟುಕುವ ಹನ್ನೊಂದು ಗೂಡುಗಳಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟನ್ನು ತುಂಬಿ, ಮಿಕ್ಕಿದ್ದನ್ನು ಮೇಜು ಕುರ್ಚಿಯ ಮೇಲೆ ಇಟ್ಟುಕೊಂಡು ಸಂಸಾರ ತೂಗಿಸಿದ್ದರು.

"ಎಟುಕಲ್ಲ ಅಂದ್ರೆ ತಪ್ಪು ನಿಮ್ಮ ಕೆಲಸದ್ದಾಗತ್ತೆ" ಅಂದರು ಕಡತದಮ್ಮ. "ಮರೆತೆ ಅಂದ್ರೆ ತಪ್ಪು ನನ್ನದು. ನನ್ನದೇ ಇರಲಿ ಅಂದ್ಕೊಂಡೆ. ಮನೆಗೆ ಬಂದೋರಿಗೆಲ್ಲ ಗೋಡೆ ಒತ್ತಿ ಒತ್ತಿ ತೋರಿಸ್ತೀರಲ್ಲ, ನನ್ನ ಹೆಂಡತಿ ಕೈ ಅಳತೆಗೆ ಮಾಡಿದ್ದು ಅಂತ. ಆ ಮಾತು ಹೇಳುವಾಗ ನಿಮ್ಮ ಮುಖ ನೋಡಿದ್ದೀನಿ ನಾನು. ಒಂದು ಸಲ ಮರೆತೆ ಅಂದೆ. ಆಮೇಲೆ ಎಲ್ಲದಕ್ಕೂ ಅದನ್ನೇ ಅನ್ನಬೇಕಾಯ್ತು. ಇಷ್ಟು ದೂರ ಬರತ್ತೆ ಅಂತ ಗೊತ್ತಿರಲಿಲ್ಲ."

"ಹುಚ್ಚಿ ಅನ್ನಿಸ್ಕೊಂಡು ಮಗಳ ಮನೆಗೆ ಹೋಗೋಕೂ ಒಪ್ಪಿದೆಯಲ್ಲೇ!"

"ಒಪ್ಪದೆ ಏನು ಮಾಡಲಿ? ಹೋದ ಚಳಿ ಹೇಗೋ ಕಳೀತು. ಇನ್ನೊಂದು ಚಳಿ ಆಗಲ್ಲ ರೀ."

ಅದು ಮೇಸ್ತ್ರಿಗೆ ಚುಚ್ಚಿತು. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು, ಅವಳು ಲೆಕ್ಕ ಒಪ್ಪಿಸುವವಳಂತೆ ಹೇಳಿದ್ದಳು. "ನನ್ನ ಕೇಳಬಾರದಿತ್ತೇನೇ? ತೆಗೆದುಕೊಡ್ತಿದ್ದೆನಲ್ಲ" ಅಂದರು. ಕಡತದಮ್ಮ ಅವರನ್ನು ಒಮ್ಮೆ ನೋಡಿ, ಹಾಲು ಕಾಯಿಸಲು ಎದ್ದು ಹೋದರು.

ಗಂಡಸು ಅಳಬೇಕಾದರೂ ಒಂದು ಸಂದಿ ಬೇಕು. ಪರರ ಮನೆಯಲ್ಲೆಲ್ಲ ಸಂದಿ ಹುಡುಕಿಕೊಟ್ಟವರಿಗೆ ಸ್ವಂತ ಮನೆಯಲ್ಲಿ ಮುಖ ಮುಚ್ಚಿಕೊಳ್ಳುವಷ್ಟು ಜಾಗ ಸಿಗಲಿಲ್ಲ. ಮೆಟ್ಟಿಲ ಮೇಲೆ ಕೂತು, ಅಡುಗೆಮನೆಗೆ ಬೆನ್ನು ಹಾಕಿ, ಹೆಗಲ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಆಮೇಲೆ ಮಹಡಿಗೆ ಹೋಗಿ ಎರಡೂ ಕಂಬಳಿಗಳನ್ನು ಇಳಿಸಿ, ಕೊಡವಿ, ಅವಳ ದಿಂಬಿನ ಪಕ್ಕ ಇಟ್ಟರು.

ಗುರುವಾರದಿಂದ ಮೇಸ್ತ್ರಿ ಹೊರಗಿನ ಕೆಲಸಕ್ಕೆ ಹೋಗಲಿಲ್ಲ. ಕಾಯುತ್ತಿದ್ದ ಗಿರಾಕಿಗೆ, "ನಮ್ಮನೆಯಲ್ಲೇ ಒಂದು ಕೆಲಸ ಕೆಟ್ಟಿದೆ" ಎಂದು ಹೇಳಿ ಕಳಿಸಿದರು. ಮೇಲಿನ ಗೂಡುಗಳನ್ನೂ ಕೆಳಗಿನ ಗೂಡುಗಳನ್ನೂ ಒಂದೊಂದಾಗಿ ಬರಿದು ಮಾಡಿದರು. ಸಾಮಾನೆಲ್ಲ ನೆಲದ ಮೇಲೆ ಬಂದಾಗ ಇಬ್ಬರಿಗೂ ದಿಗಿಲಾಯಿತು. ಎರಡು ಜೀವಕ್ಕೆ ಇಷ್ಟೊಂದೇ? ಮೂವತ್ತು ಗೂಡಿನ ಸಾಮಾನು ಹನ್ನೊಂದು ಗೂಡಿಗೆ ಹಿಡಿಯುವ ಮಾತೇ ಇರಲಿಲ್ಲ. ಕಡತದಮ್ಮ ಕುರ್ಚಿ ಹಾಕಿಕೊಂಡು ಕೂತು ದಾಖಲೆ ಕೋಣೆಯ ಕಾಯಿದೆಯಂತೆ ಒಂದೊಂದನ್ನೇ ಎತ್ತಿ ವಿಚಾರಿಸಿದರು. ಐದು ವರ್ಷ ಮುಟ್ಟದ್ದು ಆಚೆ. ಎರಡಿದ್ದರೆ ಒಂದು ಆಚೆ. ಮುಳ್ಳಿಲ್ಲದ ಗಡಿಯಾರ ಆಚೆ. ಶಾಲೆಯ ಸ್ವೆಟರನ್ನು ಮಾತ್ರ ಮಡಿಲಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು, "ಇದಕ್ಕೆ ವಯಸ್ಸಿನ ಲೆಕ್ಕ ಇಲ್ಲ" ಎಂದು ಒಳಗೆ ಹಾಕಿದರು. ಮುರಿದ ರಂದದ ಸರದಿ ಬಂದಾಗ ಮೇಸ್ತ್ರಿಯೇ ಅದನ್ನು ಎತ್ತಿ ಆಚೆಯ ಗುಡ್ಡೆಗೆ ಹಾಕಿದರು.

ಭಾನುವಾರ ಬೆಳಿಗ್ಗೆ ಮಗಳು ಬಂದಳು. ಬಾಗಿಲ ಬಳಿ ಅಮ್ಮನ ಎರಡು ಬಟ್ಟೆ ಚೀಲ ಇದ್ದವು, ಹಿಂದಿನ ಭಾನುವಾರ ಮಾತಾದ ಮಾರನೆಯ ದಿನವೇ ಕಟ್ಟಿಟ್ಟವು. ಒಳ್ಳೆಯ ಪೆಟ್ಟಿಗೆಯೊಂದು ಮಹಡಿಯ ಮೇಲ್ಗೂಡಿನಲ್ಲಿದ್ದರೂ ಎಟುಕದ ಕಾರಣ ಚೀಲದಲ್ಲಿ ತುಂಬಿದ್ದರು. ಮನೆಯ ಒಳಗೆ ಕಾಲಿಡಲು ಜಾಗವಿರಲಿಲ್ಲ. ಗೋಡೆಗಳೆಲ್ಲ ಬಾಯಿ ತೆರೆದಿದ್ದವು, ಮರದ ಪುಡಿ ಹಾರುತ್ತಿತ್ತು, ಅಪ್ಪ ಕಿವಿಯ ಸಂದಿಯಲ್ಲಿ ಪೆನ್ಸಿಲು ಸಿಕ್ಕಿಸಿಕೊಂಡು ನಿಂತಿದ್ದರು.

"ಏನಪ್ಪಾ ಇದು? ಚೀಟಿ ಅಂಟಿಸು ಅಂದ್ರೆ ಮನೇನೇ ಕೆಡವ್ತಿದ್ದೀಯಾ?"

"ನಿಮ್ಮಮ್ಮನಿಗೆ ಏನೂ ಮರೆತಿಲ್ಲ ಕಣಮ್ಮ. ಮರೆತಿದ್ದು ನಾನು" ಅಂದರು ಮೇಸ್ತ್ರಿ. ಮೇಣದ ಕತೆಯನ್ನೂ ಸ್ಟೂಲಿನ ಕತೆಯನ್ನೂ ನಿಂತಲ್ಲೇ ಹೇಳಿದರು. ಮಗಳು ಕೇಳುತ್ತ ಕೇಳುತ್ತ ಬಟ್ಟೆ ಚೀಲಗಳ ಪಕ್ಕದಲ್ಲೇ ಕುಸಿದು ಕೂತಳು. ನಾಲ್ಕು ವರ್ಷ ಅಮ್ಮನಿಗೆ ಒಂದು ಮಾತು ಹೇಳಬೇಕು ಅನ್ನಿಸಲಿಲ್ಲವಲ್ಲ ಎಂದು ಅವಳಿಗೆ ಸಿಟ್ಟು ಬಂತು. ತಾನೂ ಒಂದು ಮಾತು ಕೇಳಲಿಲ್ಲವಲ್ಲ ಎಂದು ನೆನಪಾಗಿ ಆ ಸಿಟ್ಟು ಇಳಿಯಿತು.

"ಬಾರೇ ಇಲ್ಲಿ" ಎಂದು ಮೇಸ್ತ್ರಿ ಹೆಂಡತಿಯನ್ನು ಅಡುಗೆಮನೆಯ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲಿಸಿದರು. "ಕೈ ಎತ್ತು. ಕಷ್ಟಪಡಬೇಡ. ಎಷ್ಟು ಬರತ್ತೋ ಅಷ್ಟೇ."

ಕಡತದಮ್ಮ ಕೈ ಎತ್ತಿದರು. ಮೇಸ್ತ್ರಿ ಬೆರಳ ತುದಿಗೆ ಪೆನ್ಸಿಲು ಇಟ್ಟು ಗೆರೆ ಎಳೆದರು. ಹಳೆಯ ಗೆರೆಗೂ ಹೊಸ ಗೆರೆಗೂ ನಡುವೆ ಒಂದು ಗೇಣಿನ ಮೇಲೆ ಎರಡು ಬೆರಳು. ಮೂವರೂ ಆ ಅಂತರವನ್ನೇ ನೋಡಿದರು. ಮೇಸ್ತ್ರಿಗೆ ಅದನ್ನು ಹೆಚ್ಚು ಹೊತ್ತು ನೋಡಲಾಗಲಿಲ್ಲ. ಹಳೆಯ ಗೆರೆಯನ್ನು ಕೆರೆದು ತೆಗೆಯಲು ಉಳಿ ಎತ್ತಿಕೊಂಡರು.

"ಅಳಿಸಬಾರದು" ಅಂದರು ಕಡತದಮ್ಮ. "ಹಳೇದು ಇರಲಿ. ಅದರ ಕೆಳಗೆ ಸರಿಯಾದ್ದು ಬರೀಬೇಕು, ಅಷ್ಟೇ." ಕೈ ಚಾಚಿ ಅವರ ಕೈಯಿಂದ ಉಳಿಯನ್ನು ತೆಗೆದು ಮೇಜಿನ ಮೇಲಿಟ್ಟರು, ಪೆನ್ಸಿಲನ್ನು ತೆಗೆದುಕೊಂಡರು. "ಈಗ ನೀವು ನಿಲ್ಲಿ."

"ನನಗ್ಯಾಕೆ?"

"ಈ ಮನೇಲಿ ನನ್ನ ಅಳತೆ ಇದೆ. ನಿಮ್ಮದು ಎಲ್ಲೂ ಇಲ್ಲ. ನಿಲ್ಲಿ ಅಂದೆ."

"ನನಗೆ ಸ್ಟೂಲಿದೆಯಲ್ಲೇ."

"ನಿಲ್ಲಿ."

ಮೇಸ್ತ್ರಿ ನಿಂತರು. ಎಡಗೈ ಎತ್ತಿದರು. "ಆ ಕೈಯಲ್ಲ" ಅಂದರು ಕಡತದಮ್ಮ. "ಕೆಲಸ ಮಾಡೋ ಕೈ."

ಮೇಸ್ತ್ರಿ ಮಗಳ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು. ಬಲಗೈ ಎತ್ತಿದರು. ಅದು ಎದೆಯ ಮಟ್ಟ ದಾಟಿತು, ಭುಜದ ಮಟ್ಟ ದಾಟಿತು, ಕಿವಿಯ ಹತ್ತಿರ ಬಂದು ನಿಂತಿತು. ಹಲ್ಲು ಕಚ್ಚಿ ಇನ್ನೊಂದು ಸಲ ತಳ್ಳಿದರು. ಏಳಲಿಲ್ಲ. ಕಡತದಮ್ಮ ಅವಸರ ಮಾಡದೆ ಬೆರಳ ತುದಿ ಎಲ್ಲಿದೆಯೋ ಅಲ್ಲೇ ಗೆರೆ ಎಳೆದರು. ಅದು ಕಡತದಮ್ಮನ ಹೊಸ ಗೆರೆಗಿಂತ ನಾಲ್ಕು ಬೆರಳು ಕೆಳಗಿತ್ತು.

"ನಿನಗೆ ಗೊತ್ತಿತ್ತಾ?" ಮೇಸ್ತ್ರಿಯ ದನಿ ಅವರಿಗೇ ಕೇಳಿಸಲಿಲ್ಲ.

"ಎರಡು ವರ್ಷದಿಂದ ಅಂಗಿಗೆ ಎಡಗೈ ಆಮೇಲೆ ಹಾಕ್ತೀರ. ಸ್ಟೂಲು ಹತ್ತಿದಾಗ ಗೋಡೆ ಹಿಡ್ಕೋತೀರ. ನನಗೆ ಕಣ್ಣಿಲ್ವಾ? ನನ್ನನ್ನ ಕೇಳಬಾ­ರದಿತ್ತಾ ಅಂದ್ರಲ್ಲ ಅವತ್ತು. ಹೇಗೆ ಕೇಳಲಿ? ಕಂಬಳಿ ತೆಗೆದುಕೊಡಿ ಅಂದ್ರೆ ಹತ್ತೇ ಹತ್ತುತೀರ. ನಾನು ಬಿದ್ದ ಹಾಗೆ ನೀವೂ ಬಿದ್ರೆ?" ಅವರು ಹೊಸ ಗೆರೆಯ ಮೇಲೆ ಬೆರಳಿಟ್ಟರು. "ಅದಕ್ಕಿಂತ ಚಳೀನೇ ವಾಸಿ ಅನ್ನಿಸ್ತು."

ಮಗಳು ಎದ್ದು ಬಂದು, ಇನ್ನೂ ಗಾಳಿಯಲ್ಲೇ ನಿಂತಿದ್ದ ಅಪ್ಪನ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದಳು. ಆಮೇಲೆ ಬಟ್ಟೆ ಚೀಲಗಳನ್ನು ಬಿಚ್ಚಿ ಅಮ್ಮನ ಸೀರೆಗಳನ್ನು ಆರನೇ ಮೆಟ್ಟಿಲ ಡ್ರಾಯರಿಗೆ ಜೋಡಿಸತೊಡಗಿದಳು. ಮನೆಯ ಮೇಲಿನ ಅರ್ಧದಲ್ಲಿ ಈಗ ಏನೂ ಇರಲಿಲ್ಲ. ಅಲ್ಲಿ ಏನಾದರೂ ಮಾಡಬೇಕು ಎಂದು ಸಂದಿ ಮೇಸ್ತ್ರಿಗೆ ಜೀವಮಾನದಲ್ಲಿ ಮೊದಲ ಸಲ ಅನ್ನಿಸಲಿಲ್ಲ.

ಕಡತದಮ್ಮ ಚೌಕಟ್ಟಿನ ಹತ್ತಿರವೇ ಇದ್ದರು. ಎರಡು ಹೊಸ ಗೆರೆಗಳ ಪಕ್ಕದಲ್ಲಿ ತಮ್ಮ ನೇರ ಅಕ್ಷರದಲ್ಲಿ ಆ ದಿನದ ತಾರೀಖು ಬರೆದರು. ಮೇಸ್ತ್ರಿ ಹಿಂದೆ ಬಂದು ನಿಂತು, "ಕೆಳಗಿನ ಗೆರೆಗೇ ಎಲ್ಲ ಕಟ್ತೀನಿ. ಇಬ್ಬರಿಗೂ ಎಟುಕತ್ತೆ" ಅಂದರು.

"ಕಟ್ಟಿ. ಮುಂದಿನ ವರ್ಷ ಮತ್ತೆ ನಿಲ್ಲೋಣ" ಎಂದು ಕಡತದಮ್ಮ ಚೌಕಟ್ಟಿನ ಉಳಿದ ಮರವನ್ನು ನೆಲದವರೆಗೂ ನೋಡಿದರು. "ಕೆಳಗೆ ಇನ್ನೂ ಜಾಗ ಇದೆ."